ಖಾಲಿ ಕೈಯ ಎತ್ತರ

ಫೆಬ್ರುವರಿ ೯

ಕುಳ್ಳಿ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲ ಸೌಖ್ಯ ಎಂದು ಮೊದಲ ಸಾಲು ಬರೆಯುವುದು ಪದ್ಧತಿ. ಸೌಖ್ಯವಿಲ್ಲದ್ದನ್ನು ಹೇಳುವುದಕ್ಕೇ ಕಾಗದ ಹಿಡಿದಿರುವುದರಿಂದ ಆ ಸಾಲು ಬಿಟ್ಟಿದ್ದೇನೆ. ಫೋನು ಮಾಡಬಹುದಿತ್ತು. ನೀನು "ಹ್ಞೂಂ, ಹೇಳು" ಅನ್ನುತ್ತೀಯ, ನಾನು ಹೇಳುತ್ತೇನೆ, ನೀನು ಮತ್ತೆ "ಹ್ಞೂಂ" ಅನ್ನುತ್ತೀಯ. ಕಾಗದದಲ್ಲಾದರೆ ಆ ಹ್ಞೂಂ ನನ್ನ ಕಿವಿಗೆ ಬೀಳುವುದಿಲ್ಲ.

ಚೌಕದ ಪ್ರತಿಮೆಯನ್ನು ಕಿತ್ತು ಒಯ್ದರು.

ಪತ್ರಿಕೆಯ ಒಳಪುಟದಲ್ಲಿ ಬೆರಳಗಲದ ಸುದ್ದಿ: 'ದುರಸ್ತಿಗಾಗಿ ತಾತ್ಕಾಲಿಕ ಸ್ಥಳಾಂತರ'. ಕಂಚಿಗೇನು ಹಲ್ಲುನೋವೇ, ಕೀಲುನೋವೇ? ಮೊದಲು ಚೌಕದ ರಸ್ತೆಗಿದ್ದ ಹೆಸರು ಹೋಯಿತು, ಅದಕ್ಕೆ 'ಸರಳೀಕರಣ' ಎಂದರು. ಆಮೇಲೆ ಶಾಲೆಯ ಇತಿಹಾಸ ಪುಸ್ತಕದಿಂದ ಒಂದು ಪ್ಯಾರಾ ಹೋಯಿತು, ಅದಕ್ಕೆ 'ಪರಿಷ್ಕರಣೆ' ಎಂದರು. ಈಗ ದುರಸ್ತಿ. ಮಾಡುವುದು ಅಳಿಸುವ ಕೆಲಸವೊಂದೇ, ಪ್ರತಿ ಸಲವೂ ಅದಕ್ಕೊಂದು ಹೊಸ ಹೆಸರು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಬರೆದಿಡದಿದ್ದರೆ ಏನಾಗುತ್ತದೆಂದು ನೋಡುತ್ತಿದ್ದೇವಲ್ಲ. ಗಿರಣಿಯವರ ಮುಷ್ಕರಕ್ಕೆ ಜತೆಗೂಡಿ ಚೌಕದಲ್ಲಿ ಕೂತಿದ್ದ ಕಾಲೇಜು ಹುಡುಗರ ಮೇಲೆ ಗುಂಡು ಹಾರಿದಾಗ ನಿನಗಿನ್ನೂ ಐದು ತುಂಬಿರಲಿಲ್ಲ. ಸತ್ತವರ ವಿಷಯದಲ್ಲಿ ಸರ್ಕಾರದ ಲೆಕ್ಕಕ್ಕೂ ತಾಯಂದಿರ ಲೆಕ್ಕಕ್ಕೂ ಇವತ್ತಿನವರೆಗೆ ತಾಳೆಯಾಗಿಲ್ಲ. ಊರಿನವರು ಮನೆಯ ಹಳೆಯ ಬೀಗ, ಚಿಲಕ, ಕೆಟ್ಟ ನಲ್ಲಿಗಳನ್ನು ತಂದು ಸುರಿದರು. ಕಲಾಶಾಲೆಯ ಗಡ್ಡದ ಮೇಷ್ಟ್ರು ಅದನ್ನೆಲ್ಲ ಕರಗಿಸಿ ಒಬ್ಬ ತಾಯಿಯನ್ನು ಎರಕ ಹೊಯ್ದರು. ವಿದ್ಯಾರ್ಥಿಗಳು ನೋಡಿ ಚಿತ್ರ ಬರೆಯಲೆಂದು ಅಲ್ಲಾಡದೆ ನಿಲ್ಲುವುದು ಆ ಶಾಲೆಯಲ್ಲಿ ನನ್ನ ಕೆಲಸ. ಹಾಗಾಗಿ ಆ ತಾಯಿಗೆ ನಿಂತವಳೂ ನಾನೇ.

ಪ್ರತಿಮೆಯನ್ನು ಒಯ್ದವರು ಪೀಠವನ್ನು ಬಿಟ್ಟುಹೋಗಿದ್ದಾರೆ. ಕ್ರೇನಿನವನಿಗೆ ಕೊಟ್ಟ ಆದೇಶದಲ್ಲಿ ಪೀಠದ ಮಾತೇ ಇರಲಿಲ್ಲವಂತೆ. ನಿನ್ನೆ ಹೋಗಿ ನೋಡಿದೆ. ಕಂಚಿನ ಪಾದಗಳು ಊರಿದ್ದ ಕಡೆ ಕಲ್ಲು ಇನ್ನೂ ಹೊಸದಾಗಿ ಬೆಳ್ಳಗಿದೆ, ಎರಡು ಪಾದಗಳ ಆಕಾರದಲ್ಲಿ. ಪ್ರತಿಮೆ ಆಳಿಗಿಂತ ದೊಡ್ಡದಿತ್ತಲ್ಲ, ನನ್ನದೇ ಹೆಜ್ಜೆ ನನಗೆ ದೊಗಳೆ. ಆದರೂ ಅಲ್ಲಿ ನಿಲ್ಲುವುದೆಂದು ತೀರ್ಮಾನಿಸಿದ್ದೇನೆ. ಅದೇ ಭಂಗಿ. ಹಗಲೆಲ್ಲ. ಪ್ರತಿಮೆ ವಾಪಸು ಬರುವವರೆಗೆ. ಕಂಚನ್ನು ಒಯ್ಯಬಹುದು, ಕಂಚು ಯಾರನ್ನು ನೋಡಿ ಆಯಿತೋ ಅವಳಿನ್ನೂ ಇದ್ದಾಳೆ.

ಒಂದು ತೊಡಕು. ಪ್ರತಿಮೆಯ ಬಲಗೈ ಪಕ್ಕಕ್ಕೆ ಚಾಚಿ ಬೆರಳು ಅರ್ಧ ಮಡಚಿತ್ತು. ಆ ಕೈಯಲ್ಲಿ ಆಗ ಇದ್ದದ್ದು ನಿನ್ನ ಕೈ. ನಿನ್ನನ್ನು ಬಿಟ್ಟುಬರಲು ಯಾರೂ ಇರಲಿಲ್ಲ, ನೀನು ಅಳುತ್ತಿದ್ದೆ, ಮೇಷ್ಟ್ರು "ಮಗು ಕೈ ಬಿಡಿಸ್ಬೇಡಿ, ಹಂಗೇ ನಿಲ್ಲಿ" ಅಂದಿದ್ದರು. ಫೋಟೋಗಳೆಲ್ಲ ಎದುರಿನಿಂದ, ಕೆಳಗಿನಿಂದ ತೆಗೆದವು; ಕೈ ಎಷ್ಟು ಎತ್ತರಕ್ಕಿತ್ತೆಂದು ಅವುಗಳಿಂದ ತಿಳಿಯದು. ಆಗ ನಿನ್ನ ಕೈ ನನ್ನ ಎಲ್ಲಿಗೆ ಬರುತ್ತಿತ್ತು? ನೆನಪಿದ್ದರೆ ಬರೆ.

ಅಮ್ಮ


ಫೆಬ್ರುವರಿ ೨೪

ಅಮ್ಮನಿಗೆ,

ಕಾಗದ ತಲುಪಿತು. ಎರಡು ವರ್ಷದ ಮೇಲೆ ನಾನು ಹೇಗಿದ್ದೇನೆಂದು ಕೇಳಿರಬಹುದು ಅಂದುಕೊಂಡು ಒಡೆದೆ. ನನ್ನ ಎತ್ತರ ಕೇಳಿದ್ದೀಯ. ಅದೂ ಐದು ತುಂಬದ ನನ್ನ ಎತ್ತರ. ಈಗಿನದು ಬೇಕಿದ್ದರೆ ಹೇಳಬಲ್ಲೆ: ನಿನಗಿಂತ ನಾಲ್ಕು ಬೆರಳು ಜಾಸ್ತಿ. ಕುಳ್ಳಿ ಎಂದು ಕರೆಯುವುದನ್ನು ಇನ್ನಾದರೂ ಬಿಡಬಹುದು.

ನೀನು ಕೇಳದಿದ್ದರೂ ಬರೆಯುತ್ತೇನೆ. ನಾನು ಅದೇ ಆಸ್ಪತ್ರೆಯಲ್ಲಿದ್ದೇನೆ, ನೆಲಮಾಳಿಗೆಯಲ್ಲಿ, ಎಕ್ಸ್-ರೇ ಕೋಣೆ. ಕಿಟಕಿಯಿಲ್ಲ. ದಿನವಿಡೀ ನನ್ನ ಬಾಯಿಂದ ಬರುವ ಮಾತು ಎರಡೇ. "ಅಲ್ಲಾಡ್ಬೇಡಿ, ಉಸಿರು ಹಿಡ್ಕೊಳ್ಳಿ." ಆಮೇಲೆ, "ಬಿಡಿ." ಕೆಲವು ದಿನ ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ, ಬೇರೇನನ್ನೂ ಆಡಿಲ್ಲವಲ್ಲ ಎಂದು ಹೊಳೆಯುತ್ತದೆ. ಅಲ್ಲಾಡಬೇಡ ಅನ್ನಿಸಿಕೊಂಡವಳ ಮಗಳು ಅಲ್ಲಾಡಬೇಡಿ ಅನ್ನುವ ಕೆಲಸ ಹಿಡಿದಳು. ನಗು ಬಂದರೆ ನಗು.

ಆ ಪೀಠದ ಮೇಲೆ ನಿಲ್ಲುವ ವಯಸ್ಸೇ ನಿನ್ನದು? ನಿನ್ನನ್ನು ನೋಡಲು ಮತ್ತೆ ಊರು ಸೇರಬೇಕೇ? ನನ್ನ ನಿಶ್ಚಯದ ಮಾತುಕತೆಗೆ ಬಂದಿದ್ದ ಗಂಡಿನ ದೊಡ್ಡಪ್ಪ ನಿನ್ನನ್ನೇ ದಿಟ್ಟಿಸುತ್ತ, "ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲ" ಅಂದ. ನೀನು, "ಚೌಕದಲ್ಲಿ ನೋಡಿರ್ತೀರಿ, ದಿನಾ ಅಲ್ಲೇ ನಿಂತಿರ್ತೀನಿ" ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕಲಾಶಾಲೆ, ಮಾಡೆಲ್, ಮೈಮೇಲೆ ಬಟ್ಟೆ ಇದ್ದ ದಿನ, ಇಲ್ಲದ ದಿನ, ಎಲ್ಲವನ್ನೂ ಪಾಠ ಹೇಳುವವಳ ಹಾಗೆ ವಿವರಿಸಿದೆ. ಅವರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಅಂಥ ಮನೆಗೆ ಹೋಗದಿದ್ದುದೇ ಒಳ್ಳೆಯದಾಯಿತೆಂದು ನೀನು ಅಂದೆ. ಸರಿ, ಒಳ್ಳೆಯದೇ ಆಯಿತು. ಆದರೆ ಅದನ್ನು ಹೇಳಬೇಕಾದವಳು ನಾನು.

ಕೈ ಎಲ್ಲಿಗೆ ಬರುತ್ತಿತ್ತೋ ನನಗೆ ನೆನಪಿಲ್ಲ.

ನಿನ್ನ ಮಗಳು


ಮಾರ್ಚ್ ೩೦

ಮಗಳೇ,

ಕುಳ್ಳಿ ಎಂದು ಬರೆದು ಹೊಡೆದುಹಾಕಿದ್ದೇನೆ. ಮಸಿಯ ಕೆಳಗೆ ಕಂಡರೆ ಕ್ಷಮಿಸು.

ನಿಂತೆ. ಕೆಳಮನೆಯ ದರ್ಜಿ ಬಣ್ಣದ ಕ್ಯಾನ್ವಾಸಿನಲ್ಲಿ ಪ್ರತಿಮೆಯ ನಿಲುವಂಗಿಯಂಥದ್ದನ್ನೇ ಹೊಲಿದುಕೊಟ್ಟ. ನೆರಿಗೆ ಗಾಳಿಗೆ ಹಾರದ ಹಾಗೆ ಅಂಚಿಗೆ ಸರಪಣಿ ಕೂರಿಸಿದ್ದಾನೆ. ಅವನದೇ ಏಣಿ. "ನಿಮಗೆ ಹುಚ್ಚು, ನನಗೆ ಕೆಲ್ಸ ಇಲ್ಲ, ಇಬ್ಬರೂ ಸರಿಹೋಯ್ತು" ಅಂದ. ಅವನಿಗೆ ಕೆಲಸ ಬೇಕಾದಷ್ಟಿದೆ.

ಮೊದಲ ದಿನವೇ ಪೇದೆಯೊಬ್ಬ ಬಂದ.

"ಏನಜ್ಜಿ, ಇಳೀರಿ ಕೆಳಗೆ."

ಭಂಗಿಯಲ್ಲಿದ್ದಾಗ ಮಾತಾಡುವಂತಿಲ್ಲ ಎಂಬ ನಿಯಮ ನನ್ನ ಮೈಗೇ ಗೊತ್ತು.

"ಕಿವಿ ಕೇಳ್ಸಲ್ವಾ ಇವ್ರಿಗೆ?"

"ಕೇಳ್ಸುತ್ತೆ ಸ್ವಾಮಿ. ಡ್ಯೂಟೀಲಿದಾರೆ" ಅಂದ ದರ್ಜಿ.

"ಯಾರ ಡ್ಯೂಟಿ?"

"ವಿರಾಮ ಕೊಡ್ತಾರೆ, ಆಗ ಅವ್ರನ್ನೇ ಕೇಳ್ಕೊಳ್ಳಿ."

ಪೇದೆ ನಿಜವಾಗಿಯೂ ಕಾದ. ನೆರಳಿಗೆ ಹೋಗಿ ಟೋಪಿ ತೆಗೆದು ಕೂತ. ನಾನು ವಿರಾಮಕ್ಕೆ ಇಳಿದಾಗ, "ಯಾವ ಪಕ್ಷದವ್ರು ನೀವು?" ಅಂದ. "ನಾನು ಕಂಚಿನವಳು" ಅಂದೆ. ಬರೆದುಕೊಳ್ಳಲು ತೆಗೆದ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿದ. ಪೀಠ ಹತ್ತಬಾರದೆಂಬ ಕಾನೂನು ಹುಡುಕುತ್ತಿದ್ದಾರಂತೆ. ಹುಡುಕಲಿ. ಹುಡುಗರ ಮೇಲೆ ಗುಂಡು ಹಾರಿಸಿದ ದಿನ ಇವರಿಗೆ ಯಾವ ಕಾನೂನೂ ಬೇಕಾಗಿರಲಿಲ್ಲ.

ಜನ ಬರುತ್ತಾರೆ. ಹೆಚ್ಚಿನವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಹಳೆಯ ಗಿರಣಿಯವರು ಕೆಲವರು ಬಂದು ಮಾತಿಲ್ಲದೆ ನಿಂತು ಹೋಗುತ್ತಾರೆ. ಒಂದು ಮಧ್ಯಾಹ್ನ ಬೈಕಿನ ಮೇಲಿದ್ದ ಇಬ್ಬರು, "ಅಜ್ಜಿ ಕೈ ಚಾಚವ್ರೆ, ಚಿಲ್ರೆ ಹಾಕ್ರೋ" ಅಂದರು. ಒಬ್ಬ ಪೀಠ ಹತ್ತಿ ನನ್ನ ಅಂಗೈಯಲ್ಲಿ ನಾಣ್ಯ ಇಟ್ಟು ಹೋದ. ಬೀಳಿಸುವುದಕ್ಕೆ ಬೆರಳು ಸಡಿಲಿಸಬೇಕು, ಸಡಿಲಿಸಿದರೆ ಭಂಗಿ ಕೆಡುತ್ತದೆ. ವಿರಾಮದವರೆಗೆ ಅದು ಅಲ್ಲೇ ಇತ್ತು, ಬಿಸಿಲಿಗೆ ಕಾದು. ಆಮೇಲೆ ನಗರಾಭಿವೃದ್ಧಿ ಮಂತ್ರಿಗಳೂ ಅದೇ ಹೇಳಿದರು, ಪತ್ರಿಕೆಯಲ್ಲಿ ಬಂದಿದೆ, 'ಚೌಕದಲ್ಲಿ ಭಿಕ್ಷೆ ನಿಷೇಧ'. ಪ್ರತಿಮೆಯನ್ನು ಕುರಿತು ಮೂವತ್ತು ವರ್ಷ ಪದ್ಯ ಬರೆದ ಕವಿಗಳೂ ನ್ಯಾಯ ಬೇಡುವ ಕೈ ಎಂದೇ ಬರೆದಿದ್ದರಲ್ಲ, ಮಂತ್ರಿಗಳನ್ನೊಬ್ಬರನ್ನೇ ಬಯ್ಯುವುದು ಹೇಗೆ?

ಆದರೆ ಅದು ಬೇಡುವ ಕೈ ಆಗಿರಲಿಲ್ಲ. ನಾನು ನಿಂತಿದ್ದೆ, ನನಗೆ ಗೊತ್ತು. ಈಗ ಮಾತ್ರ ನಾನು ಹೇಗೆ ಹಿಡಿದರೂ ಅದು ಬೇಡುತ್ತದೆ. ಮೇಲೆತ್ತಿ ನೋಡಿದೆ, ಕೆಳಗಿಳಿಸಿ ನೋಡಿದೆ, ಮುಂದಕ್ಕೆ, ಹಿಂದಕ್ಕೆ. ಮನೆಯಲ್ಲಿ ಬಟ್ಟೆ ಬೀರುವಿನ ಕನ್ನಡಿ ಎದುರು ನಿಂತು ನನ್ನ ಮೂವತ್ತು ವರ್ಷದ ಕಸುಬನ್ನೆಲ್ಲ ಖರ್ಚು ಮಾಡಿದೆ. ಕನ್ನಡಿಯಲ್ಲಿ ಒಬ್ಬಳು ಮುದುಕಿ ಕೈ ಒಡ್ಡಿ ನಿಂತಿದ್ದಳು.

ಬಲಭುಜ ಸ್ವಲ್ಪ ನೋಯುತ್ತದೆ. ನೀನು ಕೇಳದಿದ್ದರೂ ಬರೆಯುತ್ತೇನೆ ಎಂದು ನೀನೇ ಬರೆದಿದ್ದೆಯಲ್ಲ, ಹಾಗೆ.

ಅಮ್ಮ


ಏಪ್ರಿಲ್ ೧೭

ಅಮ್ಮನಿಗೆ,

ನಿನ್ನ ಫೋಟೋ ನಮ್ಮ ಪತ್ರಿಕೆಯಲ್ಲೂ ಬಂತು. ಕ್ಯಾಂಟೀನಿನ ಮೇಜಿನ ಮೇಲೆ ಯಾರೋ ಬಿಟ್ಟುಹೋಗಿದ್ದರು, ನಿನ್ನ ಮೊಣಕಾಲಿನ ಮೇಲೆ ಚಹಾದ ಬಟ್ಟಲಿನ ಗುರುತು. ನರ್ಸಮ್ಮ, "ಪಾಪ, ಯಾರ ತಾಯಿಯೋ" ಅಂದಳು. ನಾನು ಹ್ಞೂಂ ಅಂದೆ.

ಭುಜ ಸ್ವಲ್ಪ ನೋಯುತ್ತದೆ ಅಂದಿದ್ದೀಯ. ಸ್ವಲ್ಪವಲ್ಲ. ನಾನು ದಿನಾ ಭುಜಗಳನ್ನು ನೋಡುವವಳು. ಫೋಟೋದಲ್ಲಿ ನಿನ್ನ ಬಲಭುಜ ಕಿವಿಯ ಕಡೆಗೆ ಏರಿದೆ, ಕುತ್ತಿಗೆಯ ನರ ಹಗ್ಗದ ಹಾಗೆ ಬಿಗಿದಿದೆ. ಹೀಗೆ ಇನ್ನು ಕೆಲವು ವಾರ ಹಿಡಿದರೆ ಆ ಕೈಯಲ್ಲಿ ತಲೆ ಬಾಚಿಕೊಳ್ಳಲಾರೆ. ನಿಲ್ಲಿಸು.

ನಿಲ್ಲಿಸುವುದಿಲ್ಲ ಎಂದು ಗೊತ್ತು. ಹಾಗಾಗಿ ಒಂದು ಮಾತು ಕೇಳುತ್ತೇನೆ, ಬಹಳ ವರ್ಷದಿಂದ ಕೇಳಬೇಕೆಂದಿದ್ದದ್ದು. ಆ ಪ್ರತಿಮೆಯಲ್ಲಿ ನಾನೂ ಇದ್ದೆ. ನನಗೆ ನೆನಪಿದೆ. ಮೇಷ್ಟ್ರು ಜೇಡಿಮಣ್ಣಿನಲ್ಲಿ ನನ್ನ ಮೂಗು ಮಾಡಿ, "ನೋಡು, ನೀನು" ಎಂದು ತೋರಿಸಿದ್ದರು. ಪ್ರತಿಮೆ ನಿಲ್ಲಿಸಿದ ದಿನ ಪರದೆ ಸರಿದಾಗ ನಾನು ನನ್ನನ್ನೇ ಹುಡುಕಿದೆ. ನೀನೊಬ್ಬಳೇ ಇದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತಿನಿಂದ ಊರೆಲ್ಲ ಅವಳನ್ನು 'ತಾಯಿ' ಅಂತು. ಶಾಲೆಗೆ ಹೋಗುವಾಗ, ಬರುವಾಗ ನಾನು ಆ ಖಾಲಿ ಕೈಯ ಕೆಳಗೇ ನಡೆದೆ.

ನನ್ನನ್ನು ತೆಗೆದವರು ಯಾರು? ಮೇಷ್ಟ್ರೇ? ತೆಗೆಯುವಾಗ ನೀನೇಕೆ ಸುಮ್ಮನಿದ್ದೆ? ವಿರಾಮದಲ್ಲೂ ನೀನು ಪುಸ್ತಕ ಹಿಡಿಯುತ್ತಿದ್ದೆ, ನಾನು ಮೂಲೆಯ ಗೋಣಿಯ ಮೇಲೆ ಕೂತು ನಿನ್ನ ಕೈ ಖಾಲಿಯಾಗಲಿ ಎಂದು ಕಾಯುತ್ತಿದ್ದೆ. ಆ ಕಾಯುವಿಕೆ ಒಂದು ನನಗೆ ಚೆನ್ನಾಗಿ ನೆನಪಿದೆ. ಎತ್ತರ ಗಿತ್ತರ ನೆನಪಿಲ್ಲ.

ಮಗಳು


ಮೇ ೨೧

ತಂಗೀ,

ನಮಸ್ಕಾರ. ನಾನು ನಿಮ್ಮ ತಾಯಿಯವರ ಕೆಳಮನೆಯ ದರ್ಜಿ. ಅವರ ಬಲಗೈಯನ್ನು ಡಾಕ್ಟರು ಪಟ್ಟಿ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟಿದ್ದಾರೆ. ಅವರು ಹೇಳಿದ್ದನ್ನು ನಾನು ಬರೆಯುತ್ತಿದ್ದೇನೆ. ಬಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಬರೆದು ಅಭ್ಯಾಸ, ಅಕ್ಷರ ದಪ್ಪ ಬಂದರೆ ಸುಧಾರಿಸಿಕೊಳ್ಳಿ. ಒಂದಕ್ಷರ ಸೇರಿಸಬಾರದು ಅಂದಿದ್ದಾರೆ.

ಮಗಳೇ, ನೀನು ಕೇಳಿದ್ದಕ್ಕೆ ಉತ್ತರ. ನಿನ್ನನ್ನು ತೆಗೆದವರು ಮೇಷ್ಟ್ರಲ್ಲ.

ಮಣ್ಣಿನ ಕೆಲಸ ಮುಗಿಯುವ ಹೊತ್ತಿಗೆ, ಎರಕಕ್ಕೆ ಮೊದಲು, ಸತ್ತ ಹುಡುಗರ ತಾಯಂದಿರನ್ನು ನೋಡಲು ಕರೆದಿದ್ದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬಂದರು. ನಾನು ಮೂಲೆಯಲ್ಲಿದ್ದೆ, ನೀನು ಗೋಣಿಯ ಮೇಲೆ ನಿದ್ದೆ ಮಾಡುತ್ತಿದ್ದೆ. ಅವರು ಮಣ್ಣಿನ ತಾಯಿಯನ್ನು ಸುತ್ತಲೂ ನೋಡಿದರು. ಒಬ್ಬಾಕೆ, ರೈಲ್ವೆ ಗೇಟು ಕಾಯುವವನ ಹೆಂಡತಿ, ಒಬ್ಬನೇ ಮಗನನ್ನು ಚೌಕದಲ್ಲಿ ಬಿಟ್ಟವಳು, ಮಣ್ಣಿನ ಮಗುವಿನ ಮುಂದೆ ನಿಂತಳು. ಅವಳು ಅಳಲಿಲ್ಲ. ದೂರುವ ದನಿಯೂ ಇರಲಿಲ್ಲ. ಪಕ್ಕದವಳಿಗೆ ಇಷ್ಟೇ ಅಂದಳು: "ಇವಳಿಗೊಂದು ಉಳಿದಿದೆ, ನೋಡು."

ಅವರೆಲ್ಲ ಹೋದ ಮೇಲೆ ನಾನು ಮಗುವನ್ನು ತೆಗೆಯಿರಿ ಅಂದೆ. ಮೇಷ್ಟ್ರು ಒಪ್ಪಲಿಲ್ಲ. "ಮಗು ಇಲ್ದೆ ಆ ಕೈಗೆ ಅರ್ಥವೇ ಇಲ್ಲ" ಅಂದರು. ಅವರು ಮಣ್ಣು ಕೊಯ್ಯುವ ತಂತಿಯಿಂದ ನಾನೇ ಕೊಯ್ದೆ. ಮೊದಲು ನಿನ್ನ ಕೈ, ಆಮೇಲೆ ಉಳಿದದ್ದು.

(ಇಲ್ಲಿ ನಾನು ಎದ್ದು ಚಹಾ ಮಾಡಿಕೊಂಡು ಬಂದೆ. "ಎಲ್ಲಿದ್ದೆವು?" ಅಂದರು. ಹೇಳಿದೆ. "ಮುಂದೆ ಬರೀರಿ" ಅಂದರು.)

ತಪ್ಪಾಯಿತು ಎಂದು ಬರೆಸುತ್ತಿಲ್ಲ. ಇವತ್ತು ಅದೇ ಮಣ್ಣು ಎದುರಿಗಿದ್ದರೆ ಇವತ್ತೂ ಕೊಯ್ಯುತ್ತೇನೆ. ಆ ಪ್ರತಿಮೆ ನನ್ನದಾಗಿದ್ದರೆ ನೀನು ಅದರಲ್ಲಿರುತ್ತಿದ್ದೆ. ಅದು ಅವರದು. ಆದರೆ ನಿನಗೆ ಹೇಳಬೇಕಾಗಿತ್ತು. ಹೇಳಲು ಕೂತಾಗಲೆಲ್ಲ ನೀನು ತೀರ ಚಿಕ್ಕವಳು ಅನ್ನಿಸುತ್ತಿತ್ತು, ಆಮೇಲೆ ಒಂದು ದಿನ ನೀನು ದೊಡ್ಡವಳಾಗಿ ಬೇರೆ ಊರಿನಲ್ಲಿದ್ದೆ.

ಡಾಕ್ಟರು ಜೂನ್ ಮುಗಿಯುವವರೆಗೆ ಕೈ ಎತ್ತಬಾರದು ಅಂದಿದ್ದಾರೆ. ಕೈ ಕಟ್ಟಿಕೊಂಡೇ ಹೋಗಿ ಪೀಠದ ಬುಡದಲ್ಲಿ ಕೂತು ಬರುತ್ತೇನೆ. ಬಂದವರು, "ಅಜ್ಜಿ ಯಾವಾಗ ಶುರು?" ಎಂದು ಕೇಳುತ್ತಾರೆ, ಸಿನಿಮಾ ಕೇಳಿದ ಹಾಗೆ.

ಅಮ್ಮ

ತಂಗೀ, ಇದು ನನ್ನದು, ಅವರಿಗೆ ಗೊತ್ತಿಲ್ಲ. ಒಂದಕ್ಷರ ಸೇರಿಸಬಾರದು ಅಂದಿದ್ದಾರೆ, ನಾನು ಹತ್ತು ಸಾಲು ಸೇರಿಸುತ್ತಿದ್ದೇನೆ. ಅವರಿಗೆ ಈಗ ಕೆಟ್ಲು ಎತ್ತಲಾಗುವುದಿಲ್ಲ. ಕೇಳಿದರೆ ಚಹಾ ಬಿಟ್ಟಿದ್ದೇನೆ ಅನ್ನುತ್ತಾರೆ. ಸಂಜೆ ಮೇಲಿನ ಕೋಣೆಯಲ್ಲಿ ಗಟ್ಟಿಯಾಗಿ ಓದುವುದು ನನಗೆ ಹೊಲಿಗೆ ಯಂತ್ರದ ಸದ್ದಿನ ಮಧ್ಯೆಯೂ ಕೇಳುತ್ತದೆ. ಮೊದಲು ಪುಸ್ತಕ ಓದುತ್ತಿದ್ದರು. ಈಚೆಗೆ ನಿಮ್ಮ ಎರಡು ಕಾಗದಗಳನ್ನು ಓದುತ್ತಾರೆ. ನನಗೂ ಬಾಯಿಪಾಠವಾಗಿದೆ, ಏನೂ ಅಂದುಕೊಳ್ಳಬೇಡಿ.


ಜೂನ್ ೧೪

ಅಮ್ಮ,

ನಿನ್ನ ಕಾಗದಕ್ಕೆ ಏನು ಬರೆಯಬೇಕೆಂದು ತಿಳಿಯದೆ ಚೀಲದಲ್ಲೇ ಇಟ್ಟುಕೊಂಡು ಓಡಾಡಿದೆ. ಆ ರೈಲ್ವೆ ಗೇಟಿನವನ ಹೆಂಡತಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಅದು ಅಭ್ಯಾಸವಿತ್ತು, ಆದರೂ ಪೂರ್ತಿ ಆಗಲಿಲ್ಲ.

ಈಗ ಬೇರೆಯದನ್ನು ಬರೆಯುತ್ತೇನೆ. ಗಮನವಿಟ್ಟು ಓದು, ನಿನ್ನ ಕಸುಬಿನ ವಿಷಯ.

ಈ ವಾರ ಒಂದು ಮಗು ಬಂತು, ಉಯ್ಯಾಲೆಯಿಂದ ಬಿದ್ದು ಎಡ ಮಣಿಕಟ್ಟು ಊದಿತ್ತು. ಐದು ತುಂಬಿಲ್ಲ ಎಂದು ತಾಯಿ ಹೇಳಿದಳು. ತಾಯಿಗೆ ಸೀಸದ ಏಪ್ರನ್ ಹಾಕಿ ಪಕ್ಕದಲ್ಲಿ ನಿಲ್ಲಿಸಿದೆ. ಮಗುವಿನ ಬಲಗೈ ತಾಯಿಯ ಕೈಯಲ್ಲಿ. "ಅಲ್ಲಾಡ್ಬೇಡ ಪುಟ್ಟಾ" ಅಂದೆ. "ನಾನಲ್ಲ, ಅಮ್ಮ ಅಲ್ಲಾಡ್ತಿದಾಳೆ" ಅಂತು. ನಿಜ, ತಾಯಿ ನಡುಗುತ್ತಿದ್ದಳು. ಗಾಜಿನ ಈಚೆ ನಿಂತು ಗುಂಡಿ ಒತ್ತಬೇಕಾದವಳು ಒತ್ತದೆ ಅವರಿಬ್ಬರ ಕೈಗಳನ್ನೇ ನೋಡಿದೆ.

ಅಮ್ಮ, ತಾಯಿ ಕೈ ಎತ್ತುವುದಿಲ್ಲ. ಎತ್ತುವುದು ಮಗು. ತಾಯಿಯ ಕೈ ಭುಜದಿಂದ ಸುಮ್ಮನೆ ಇಳಿಬಿದ್ದಿರುತ್ತದೆ, ಭಾರ ಕೆಳಗೆಳೆಯುತ್ತಿರುತ್ತದೆ. ಆ ಕಡೆಯ ಭುಜ ತಗ್ಗುತ್ತದೆ. ಬೀಳದಿರಲೆಂದು ಅವಳು ಇನ್ನೊಂದು ಕಡೆಗೆ ಸೊಂಟ ಕೊಟ್ಟು, ಎಡಗಾಲಿನ ಮೇಲೆ ಭಾರ ಹಾಕುತ್ತಾಳೆ. ನೀನು ಅಳತೆ ಹುಡುಕುತ್ತ ಕೈಯನ್ನು ಹೊರಗೆ, ಮೇಲಕ್ಕೆ ಹಿಡಿದಿದ್ದೀಯ. ಅದಕ್ಕೇ ಭುಜ ಏರಿತು, ಅದಕ್ಕೇ ಅದರ ಸ್ನಾಯು ಹರಿಯಿತು. ಅದಕ್ಕೇ ಅದು ಬೇಡುವ ಕೈಯಾಗಿ ಕಾಣುತ್ತದೆ. ಕೈ ಇಳಿಬಿಡು. ಯಾರೋ ಜಗ್ಗುತ್ತಿದ್ದಾರೆ ಅಂದುಕೊ. ನಾನು ಜಗ್ಗುತ್ತಿದ್ದೆ. ಕಾಲು ನೋಯುತ್ತಿತ್ತು, ಮನೆಗೆ ಹೋಗೋಣ ಎಂದು ಜಗ್ಗುತ್ತಿದ್ದೆ.

ನೆನಪಿಲ್ಲ ಅಂದದ್ದು ಸುಳ್ಳು. ನನ್ನ ಕೈ ನಿನ್ನ ತೊಡೆಯ ನಡುಮಧ್ಯಕ್ಕೆ ಬರುತ್ತಿತ್ತು. ನಿನ್ನ ಅಂಗಿಯ ಜೇಬು ನನ್ನ ಮೂಗಿನ ನೇರಕ್ಕಿತ್ತು, ಅದರಲ್ಲಿ ಪುಸ್ತಕವಿತ್ತು, ಅದರ ಮೂಲೆ ನನಗೆ ಚುಚ್ಚುತ್ತಿತ್ತು.

ರಜೆ ಕೇಳಿದ್ದೇನೆ. ಬರುತ್ತೇನೆ. ಬಂದು ಆ ಕೈ ಹಿಡಿದು ಪಕ್ಕದಲ್ಲಿ ನಿಲ್ಲುತ್ತೇನೆ. ಆಗ ಯಾರು ನಾಣ್ಯ ಇಡುತ್ತಾರೋ ನೋಡೋಣ.

ಕುಳ್ಳಿ


ಜುಲೈ ೧೩

ಕುಳ್ಳಿ,

ಎಡಗೈಯಲ್ಲಿ ಅಭ್ಯಾಸ ಮಾಡಿಕೊಂಡು ಬರೆಯುತ್ತಿದ್ದೇನೆ, ಕೋಳಿ ಕೆದಕಿದ ಹಾಗಿದೆ. ದರ್ಜಿಗೆ ಇನ್ನು ಬರೆಸುವುದಿಲ್ಲ. ಅವನ ಮುಖ ನೋಡಿದರೆ ನನ್ನ ಬೆನ್ನ ಹಿಂದೆ ಏನೋ ಬರೆದಿದ್ದಾನೆಂದು ಗೊತ್ತಾಗುತ್ತದೆ.

ಪಟ್ಟಿ ಬಿಚ್ಚಿದ ಮೇಲೆ ಮೊನ್ನೆ ನಿಂತೆ. ಎತ್ತಬಾರದ ಕೈಯನ್ನು ಎತ್ತುವ ಅಗತ್ಯವೇ ಇರಲಿಲ್ಲ. ಇಳಿಬಿಟ್ಟೆ, ಎಡಗಾಲಿಗೆ ಭಾರ ಕೊಟ್ಟೆ, ನೀನು ಮನೆಗೆ ಹೋಗೋಣ ಎಂದು ಜಗ್ಗಿದೆ. ಮೈ ತಾನಾಗಿ ಹೋಗಿ ಅಲ್ಲಿ ಕೂತಿತು, ಕೀಲಿ ಬೀಗದೊಳಗೆ ತಿರುಗಿದ ಹಾಗೆ. ನೋವಿಲ್ಲ. ಮೂವತ್ತು ವರ್ಷ ಬೇಡುವ ಕೈ, ಬೇಡುವ ಕೈ ಎಂದು ಓದಿ ಓದಿ ನನ್ನ ಮೈಯೇ ಅದನ್ನು ನಂಬಿಬಿಟ್ಟಿತ್ತು. ಓದುವ ಚಟಕ್ಕೆ ಇಷ್ಟಾದರೂ ಶಿಕ್ಷೆ ಬೇಡವೇ?

ಯಾರೂ ನಾಣ್ಯ ಇಡಲಿಲ್ಲ. ಇಡಲು ಅಂಗೈ ಮೇಲ್ಮುಖವಾಗಿರಲಿಲ್ಲ. ಜನ ಬಂದು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕೈ ನೋಡುತ್ತಾರೆ, ಆಮೇಲೆ ಕೈಯ ಕೆಳಗಿನ ಖಾಲಿ ಜಾಗ ನೋಡುತ್ತಾರೆ. ಅಲ್ಲೇ ನಿಲ್ಲುತ್ತಾರೆ. ಅದೇ ಪೇದೆ ವಿರಾಮದಲ್ಲಿ ನೀರು ತಂದುಕೊಟ್ಟು, "ಇವಾಗ ನೋಡೋಕಾಗಲ್ಲ ಅಜ್ಜಿ, ಮುಂಚಿನ ಥರಾನೇ ನಿಂತ್ಕೊಳ್ಳಿ" ಅಂದ.

ಅದಕ್ಕೇ ಬರೆಯುತ್ತಿದ್ದೇನೆ: ಬರಬೇಡ. ನೀನು ಬಂದು ಆ ಕೈ ಹಿಡಿದರೆ ಅಲ್ಲಿರುವವರು ಒಬ್ಬ ಮುದುಕಿ ಮತ್ತು ಅವಳ ಮಗಳು. ಫೋಟೋ ಚೆನ್ನಾಗಿ ಬರುತ್ತದೆ, ಎಲ್ಲರಿಗೂ ಕಣ್ಣು ತುಂಬುತ್ತದೆ, ಮಂತ್ರಿಗಳಿಗೂ. ಇವಳಿಗೊಂದು ಉಳಿದಿದೆ, ನೋಡು. ಆ ಮಾತನ್ನು ಎರಡನೆಯ ಸಲ ಕೇಳುವ ಶಕ್ತಿ ನನಗಿಲ್ಲ. ಕೈ ಖಾಲಿಯಿರಬೇಕು.

ಕಾನೂನು ಸಿಕ್ಕಿದೆಯಂತೆ. ಆಗಸ್ಟ್ ಮೊದಲ ವಾರ ಪೀಠ ಒಡೆಯುತ್ತಾರೆ. ಒಡೆಯಲಿ. ನೆಲವನ್ನು ಎಲ್ಲಿಗೆ ಒಯ್ಯುತ್ತಾರೆ? ಪಾದದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡು ನಿಲ್ಲುತ್ತೇನೆ. ಕಲಾಶಾಲೆಯಲ್ಲೂ ಹಾಗೇ ಮಾಡುತ್ತಿದ್ದೆವು, ವಿರಾಮ ಮುಗಿಸಿ ಬಂದು ಅದೇ ಜಾಗಕ್ಕೆ ಮರಳಲು.

ಅಮ್ಮ


ಆಗಸ್ಟ್ ೧೮

ಅಮ್ಮ,

ಬರಬೇಡ ಅಂದಿದ್ದೆ. ಬಂದಿದ್ದೆ.

ಬಸ್ಸಿಳಿದು ನೇರ ಚೌಕಕ್ಕೆ ನಡೆದೆ. ಪೀಠವಿದ್ದ ಕಡೆ ಜಲ್ಲಿ ಹರಡಿದ್ದರು, ಸುತ್ತ ಬ್ಯಾರಿಕೇಡು. ಬ್ಯಾರಿಕೇಡಿನ ಈಚೆ, ರಸ್ತೆಯ ಅಂಚಿನಲ್ಲಿ ನೀನಿದ್ದೆ. ಅಷ್ಟು ಕೆಳಗೆ ನಿನ್ನನ್ನು ನಾನು ಆ ಅಂಗಿಯಲ್ಲಿ ಕಂಡಿರಲಿಲ್ಲ. ಪೀಠದ ಮೇಲಿನ ತಾಯಿಯನ್ನು ಕತ್ತೆತ್ತಿ ನೋಡಿಯೇ ಬೆಳೆದವಳು ನಾನು. ನಿನ್ನ ತಲೆ ನನ್ನ ಹಣೆಯವರೆಗೆ ಮಾತ್ರ ಬರುತ್ತದೆಂದು ಮರೆತಿದ್ದೆ.

ನಿನ್ನ ಬಲಕ್ಕೆ ಬಂದು, ಜನರ ಹಿಂದೆ ನಿಂತೆ. ನಿನ್ನ ಭುಜ ನೋಡಿದೆ, ಸರಿಯಾಗಿ ತಗ್ಗಿತ್ತು. ಕುತ್ತಿಗೆಯ ನರ ಕಾಣುತ್ತಿರಲಿಲ್ಲ. ಆಮೇಲೆ ಕೈ ನೋಡಿದೆ. ನನಗೆ ಒಂದು ಕ್ಷಣ ಕಾಲಿನ ನೋವು ನೆನಪಾಯಿತು, ಮನೆಗೆ ಹೋಗೋಣ ಅನ್ನಿಸಿತು.

ನನ್ನ ಮುಂದೆ ಒಬ್ಬಳು ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಿದ್ದಳು, ಚೀಲದ ತುಂಬ ತರಕಾರಿ. ಮಗು ಕೇಳಿತು, "ಅಜ್ಜಿ ಯಾರ ಕೈ ಹಿಡ್ಕೊಂಡಿದಾರೆ?"

"ಯಾರದ್ದೂ ಇಲ್ವಲ್ಲೋ."

"ಇಲ್ಲ, ಹಿಡ್ಕೊಂಡಿದಾರೆ. ಯಾರದ್ದು?"

ಅವಳು ಹಿಂದೆ ತಿರುಗಿ ನನ್ನ ಮುಖ ನೋಡಿದಳು, ದೊಡ್ಡವರು ಉತ್ತರ ಗೊತ್ತಿಲ್ಲದಾಗ ಇನ್ನೊಬ್ಬ ದೊಡ್ಡವರನ್ನು ನೋಡುವ ಹಾಗೆ. ನನ್ನದು ಎಂದು ಬಾಯಿತನಕ ಬಂತು. ಇಷ್ಟು ವರ್ಷ ಯಾರಾದರೂ ಕೇಳಲಿ ಎಂದು ಕಾದಿದ್ದ ಪ್ರಶ್ನೆ ಅದು. ಹೆಜ್ಜೆ ಇಟ್ಟಿದ್ದರೆ ಕೈಗೆಟುಕುವಷ್ಟು ದೂರದಲ್ಲಿದ್ದೆ.

"ಇಲ್ಲಿ ಕೆಲವು ಹುಡುಗ್ರು ಸತ್ತೋದ್ರು, ಪುಟ್ಟಾ. ಅವ್ರದ್ದು" ಅಂದೆ.

"ಎಷ್ಟು ಜನ?" ಅಂತು ಮಗು. ಅಂಥ ಪ್ರಶ್ನೆ ಕೇಳಲು ಮಕ್ಕಳೇ ಬೇಕು. ಸರ್ಕಾರ ಹೇಳಿದ್ದನ್ನು ಹೇಳಲಿಲ್ಲ. ತಾಯಂದಿರು ಹೇಳಿದ್ದನ್ನು ಹೇಳಿದೆ.

ಆಮೇಲೆ ಬಸ್ ನಿಲ್ದಾಣಕ್ಕೆ ಹೋದೆ. ಸಂಜೆಯ ಬಸ್ಸಿತ್ತು, ಬೆಳಿಗ್ಗೆ ಡ್ಯೂಟಿಯಿತ್ತು. ಇವೆರಡೂ ನಿಜ. ಆದರೆ ಹೊರಟದ್ದು ಅದಕ್ಕಲ್ಲ. ಇನ್ನೂ ನಿಂತಿದ್ದರೆ ಹಿಡಿದುಬಿಡುತ್ತಿದ್ದೆ.

ನೀನು ನನ್ನನ್ನು ನೋಡಲಿಲ್ಲ. ನೋಡಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ.

ಕುಳ್ಳಿ


ಆಗಸ್ಟ್ ೨೫

ಕುಳ್ಳಿ,

ನೋಡಿದೆ. ಬೂದು ಬಣ್ಣದ ಚೀಲ, ಎಡಹೆಗಲಿಗೆ. ತೆಳ್ಳಗಾಗಿದ್ದೀಯ. ಕಣ್ಣು ತಿರುಗಿಸದೆ ನೋಡುವುದು ಕಸುಬಿನಲ್ಲಿ ಮೊದಲು ಕಲಿಯುವ ವಿದ್ಯೆ.

ಮಗುವಿಗೆ ನೀನು ಹೇಳಿದ್ದೂ ಕೇಳಿಸಿತು. ಅದರ ಬಗ್ಗೆ ಬರೆಯಲು ಹೊರಟು ಎರಡು ಹಾಳೆ ಹರಿದೆ. ಬಿಟ್ಟಿದ್ದೇನೆ.

ವಿರಾಮಕ್ಕೆ ಸ್ವಲ್ಪವೇ ಹೊತ್ತಿತ್ತು. ದರ್ಜಿ ಸೀಟಿ ಊದಿದ, ಗೆರೆಯಿಂದ ಹೊರಗೆ ಬಂದು ಬಲಕ್ಕೆ ತಿರುಗಿದೆ. ತರಕಾರಿ ಚೀಲದವಳಿದ್ದಳು. ನೀನಿರಲಿಲ್ಲ. ನಿಲ್ದಾಣದ ದಾರಿಯ ತಿರುವಿನವರೆಗೆ ಆ ಅಂಗಿಯಲ್ಲೇ ನಡೆದೆ, ಅಂಚಿನ ಸರಪಣಿ ರಸ್ತೆಯಲ್ಲಿ ಎಳೆಯುತ್ತಿತ್ತು, ಜನ ನಗುತ್ತಿದ್ದರು. ಪೇದೆ ಹಿಂದೆ ಓಡಿ ಬಂದು, "ಎಲ್ಲಿಗೆ ಅಜ್ಜಿ, ಬಿಟ್ಬಿಟ್ರಾ?" ಅಂದ. ಇಲ್ಲ ಎಂದು ಹೇಳಿ ವಾಪಸು ಬಂದು ಗೆರೆಯೊಳಗೆ ನಿಂತೆ.

ಪ್ರತಿಮೆಯ ಸುದ್ದಿಯಿಲ್ಲ. ನಾನು ದಿನಾ ಹೋಗುತ್ತೇನೆ. ನಿಂತಿರುವಷ್ಟು ಹೊತ್ತು ಆ ಕೈ ಅವರದು, ನೀನು ಅದನ್ನು ಮುಟ್ಟದೆ ಹೋದದ್ದು ಸರಿ.

ಆದರೆ ಇನ್ನೊಮ್ಮೆ ಬಂದರೆ ವಿರಾಮದವರೆಗೆ ಕಾಯು. ವಿರಾಮದಲ್ಲಿ ಕೈ ನನ್ನದು. ಪುಸ್ತಕ ಮನೆಯಲ್ಲೇ ಬಿಟ್ಟುಬರುತ್ತೇನೆ.

ಅಮ್ಮ